ಹೆಣ ಸುಡುವ ಮೊದಲು ನಾಡಿ

ಚೋರ್ಲಾ ಘಾಟಿ ಇಳಿಯುವವರೆಗೂ ಡೊಳ್ಳಿನಂತೆ ಬಡಿಯುತ್ತಿದ್ದ ಗಾಡಿಯ ಸಬ್‌ವೂಫರ್ ಸಾಖಳಿ ದಾಟುವಷ್ಟರಲ್ಲಿ ಸುಮ್ಮನಾಗಿತ್ತು. ಹಾಡು ಇತ್ತು, ಅದರ ಹೊಟ್ಟೆಯೊಳಗಿನ ಗುಮ್ಮೆನ್ನುವ ಸದ್ದು ಇರಲಿಲ್ಲ. ವಾಸ್ಕೋ ಮುಟ್ಟಿದಾಗ ಜುಲೈ ಮಳೆ ಹುಯ್ಯುತ್ತಿತ್ತು. ಬೈನಾದಲ್ಲಿ ಪರಿಚಯದ ಮೇಸ್ತ್ರಿಯೊಬ್ಬರಿದ್ದಾರೆ, ವಿಜಯಪುರದ ಕಡೆಯವರು. ಗಾಡಿಗಳ ವೈರಿಂಗೇ ಕಸುಬು. "ಹೊಸಾದೇ ಹಾಕಿಸಿಬಿಡಲಾ?" ಎಂದೆ. "ಹೆಣ ಸುಡೂಕಿಂತ ಮದ್ಲ ನಾಡಿ ನೋಡ್ರಿ ಸರ" ಎಂದರು.

ನಾಡಿ ನೋಡಲು ಬೇಕಾದದ್ದು ಗಡಿಯಾರದ 1.5 ವೋಲ್ಟ್ ಸೆಲ್ಲು. ಸದ್ದು ಹಿಗ್ಗಿಸುವ ಆಂಪ್‌ನಿಂದ ವೂಫರಿನ ತಂತಿ ಬಿಡಿಸಿ ಅದರ ಎರಡು ತುದಿಗೆ ಸೆಲ್ಲು ಮುಟ್ಟಿಸಿದರು. 'ಟಪ್' ಎಂದು ಕೋನು ಕೂದಲೆಳೆಯಷ್ಟು ಮುಂದೆ ಬಂತು. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ರೂಪಿಸಿದ ಸ್ಪೀಕರಿನ ಸೂತ್ರವೇ ಇಲ್ಲೂ: ಅಯಸ್ಕಾಂತದ ಸೀಳಿನಲ್ಲಿ ತಂತಿಸುರುಳಿ, ಕರೆಂಟು ಹರಿದರೆ ಅದು ಅಲುಗಬೇಕು. ಮಲ್ಟಿಮೀಟರು 3.4 ಓಮ್ ತೋರಿಸಿತು. ನಾಲ್ಕು ಓಮಿನ ವೂಫರಿಗೆ ಇದು ಆರೋಗ್ಯದ ಲೆಕ್ಕ. ಮುಳ್ಳು ಅಲುಗದಿದ್ದರೆ ಸುರುಳಿ ಸುಟ್ಟಿರಬೇಕು, ಇಲ್ಲವೇ ಕೋನಿಗೆ ಹೋಗುವ ಹೆಣೆದ ತಂತಿ ತುಂಡಾಗಿರಬೇಕು. ತಂತಿಯಾದರೆ ಬೆಸುಗೆ ಸಾಕು. ಕೋನನ್ನು ಎರಡೂ ಕೈಯಿಂದ ಮೆಲ್ಲನೆ ಒತ್ತಿದಾಗ ಕರಕರ ಎಂದರೆ ಆಸೆ ಬಿಡಬಹುದು.

ನಮ್ಮ ವೂಫರಿಗೆ ಇದ್ಯಾವುದೂ ಇರಲಿಲ್ಲ. ಹಾಗಾದರೆ ರೋಗ ಬೇರೆಲ್ಲೋ ಇದೆ. ಫ್ಯೂಸು ಸರಿಯಿತ್ತು. ಸ್ಟೀರಿಯೋದಿಂದ ಆಂಪನ್ನು ಎಬ್ಬಿಸುವ ರಿಮೋಟ್ ತಂತಿಯಲ್ಲೂ 12 ವೋಲ್ಟ್ ಇತ್ತು. ಆಂಪ್‌ನ ಪವರ್ ತುದಿಯಲ್ಲಿ 12.4. ನಾನಾಗಿದ್ದರೆ ಅಲ್ಲಿಗೇ ನಿಲ್ಲಿಸಿ ಆಂಪನ್ನೇ ದೂರುತ್ತಿದ್ದೆ. ಮೇಸ್ತ್ರಿ ವೂಫರಿನ ತಂತಿ ಮತ್ತೆ ಜೋಡಿಸಿ ಹಾಡು ಜೋರು ಮಾಡಿಸಿದರು; 12.4 ಇದ್ದದ್ದು 9ಕ್ಕೆ ಕುಸಿದು ಆಂಪ್ ಆರಿಹೋಯಿತು. ಮೀಟರಿನ ಕಪ್ಪು ಕಡ್ಡಿಯನ್ನು ಆಂಪ್‌ನಿಂದ ತೆಗೆದು ಗಾಡಿಯ ಬರಿ ಕಬ್ಬಿಣಕ್ಕೆ ಒತ್ತಿ ಹಿಡಿದು ಮತ್ತೆ ಅದೇ ಹಾಡು. ಈ ಸಲ 12 ಕದಲಲಿಲ್ಲ. ಬರುವ ಕರೆಂಟಿಗೆ ಕೊರತೆಯಿಲ್ಲ, ಮರಳುವ ದಾರಿ ಕಟ್ಟಿದೆ ಎಂದರ್ಥ.

ಡಿಕ್ಕಿಯ ಚಾಪೆ ಎತ್ತಿದರೆ, ಮರಳುವ ತಂತಿಯನ್ನು ಗಾಡಿಯ ಕಬ್ಬಿಣಕ್ಕೆ ಬಿಗಿದ ಅರ್ಥಿಂಗ್ ಬೋಲ್ಟು ನೀರಲ್ಲಿ ನೆಂದು ಕೂತಿತ್ತು. ತಾಮ್ರದ ಕೊಂಡಿಗೆ ಹುಣಸೆಹಣ್ಣು ಕಾಣದ ಚೊಂಬಿನಂತೆ ಹಸಿರು ಕಿಲುಬು, ಕೆಳಗಿನ ಕಬ್ಬಿಣಕ್ಕೆ ತುಕ್ಕು. ಸಮುದ್ರದ ಗಾಳಿಯಲ್ಲಿ ಉಪ್ಪಿರುತ್ತದೆ. ಡಿಕ್ಕಿಯ ರಬ್ಬರು ಬಿರಿದರೆ ಮಳೆಯೂ ಜೊತೆಗೂಡುತ್ತದೆ. ಬ್ಯಾಟರಿಯ ಮೈನಸ್ ಬಿಚ್ಚಿ, ತಂತಿಯ ಕೊಳೆತ ತುದಿ ಕತ್ತರಿಸಿ, ಹೊಸ ಕೊಂಡಿ ಹಾಕಿ, ಕಬ್ಬಿಣವನ್ನು ಬಣ್ಣ ಹೋಗಿ ಹೊಳೆಯುವವರೆಗೆ ಉಜ್ಜಿ ಬಿಗಿದರು. ಮೇಲೆ ಚೂರು ಗ್ರೀಸು. ರಬ್ಬರನ್ನೂ ಬದಲಿಸಿದೆವು, ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಇದೇ ಕಥೆ.

ಅಷ್ಟರಲ್ಲಿ ರಾತ್ರಿ ಹತ್ತು ದಾಟಿತ್ತು, ಬೀದಿಯಲ್ಲಿ ಸದ್ದು ಮಾಡುವ ಹೊತ್ತಲ್ಲ. ಮೆಲ್ಲಗೆ ಹಾಡು ಹಚ್ಚಿದರು. ಮಳೆಯ ಸದ್ದಿನಲ್ಲಿ ಕಿವಿಗೆ ಏನೂ ತಿಳಿಯಲಿಲ್ಲ. "ಕೈ ಇಡ್ರಿ" ಎಂದರು. ವೂಫರಿನ ಡಬ್ಬಿಯ ಮೇಲಿಟ್ಟ ಅಂಗೈಗೆ ತಾಳ ಮೆತ್ತಗೆ ಬಡಿಯುತ್ತಿತ್ತು.