ಅರ್ಧ ಮುಚ್ಚಿದ ತೂತು: ಕೊಳಲು ರಸಿಕರಿಗೊಂದು ಕೈಪಿಡಿ

ಕೊಳಲು ಕಚೇರಿ ಕೇಳಿ ಬಂದವರನ್ನು ಹೇಗಿತ್ತು ಎಂದು ವಿಚಾರಿಸಿ. ‘ತುಂಬ ಇಂಪಾಗಿತ್ತು’ ಎನ್ನುತ್ತಾರೆ. ಇಂಪು ಬಿದಿರಿಗೆ ಹುಟ್ಟಿನಿಂದಲೇ ಬಂದದ್ದು, ಅದಕ್ಕೆ ವಿದ್ವಾಂಸರು ಬೇಕಿಲ್ಲ. ಬೆಂಗಳೂರಿನ ಶಿವಾಜಿನಗರದ ಗಲ್ಲಿಗಳಲ್ಲಿ ಕೋಲಿನ ತುಂಬ ಕೊಳಲು ಸಿಕ್ಕಿಸಿಕೊಂಡು ಮಾರುವವನು ಊದುವ ಸಿನಿಮಾ ಹಾಡೂ ಇಂಪಾಗಿಯೇ ಇರುತ್ತದೆ. ವಿದ್ವಾಂಸರು ಆ ಇಂಪನ್ನು ಬಳಸಿಕೊಂಡು ಏನು ಮಾಡಿದರು ಎಂಬುದು ರಸಿಕ ಕೇಳಬೇಕಾದ ಸಂಗತಿ. ಅದು ಕಿವಿಗೆ ದಕ್ಕಬೇಕಾದರೆ ನನಗೆ ತಿಳಿದ ದಾರಿ ಒಂದೇ. ಒಂದು ಕೊಳಲು ಕೊಂಡು ಕೆಲವು ತಿಂಗಳು ಊದಿ. ಚೆನ್ನಾಗಿ ನುಡಿಸಲು ಬರದಿದ್ದರೂ ಪರವಾಗಿಲ್ಲ. ಎಲ್ಲಿ ಬರುವುದಿಲ್ಲ ಎಂಬುದು ಗೊತ್ತಾದರೆ ಸಾಕು.

ಕೊಳ್ಳುವಾಗ ಬೀದಿಯ ಕೊಳಲು ಬೇಡ. ನೋಡಲು ಚಂದ, ಶ್ರುತಿ ದೇವರಿಗೇ ಪ್ರೀತಿ. ಕಲಿಸುವವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಇಲ್ಲವೇ ಫೋನಿನಲ್ಲಿ ತಂಬೂರಿ ಹಾಕಿಕೊಂಡು ಷಡ್ಜ, ಪಂಚಮ ಎರಡನ್ನೂ ಊದಿಸಿ ನೋಡಿ. ಉದ್ದನೆಯ ಕೊಳಲಿನ ಗಂಭೀರ ನಾದಕ್ಕೆ ಮನಸೋತು ಅದನ್ನೇ ತರಬೇಡಿ. ತೂತುಗಳು ದೂರದೂರ ಇರುವುದರಿಂದ ಹೊಸಬರ ಬೆರಳು ಎಟುಕುವುದಿಲ್ಲ.

ಊದುವುದು ಖಾಲಿ ಸೀಸೆಯ ಬಾಯಿಗೆ ಗಾಳಿ ಬಿಟ್ಟ ಹಾಗೆ. ಕೆಳದುಟಿ ತೂತಿನ ಅಂಚನ್ನು ಸ್ವಲ್ಪ ಮುಚ್ಚಿರಬೇಕು, ಗಾಳಿಯ ಸಣ್ಣ ಎಳೆ ಎದುರಿನ ಅಂಚಿಗೆ ತಾಗಿ ಸೀಳಬೇಕು. ಮೊದಮೊದಲು ಬರೀ ಬುಸ್ಸೆನ್ನುತ್ತದೆ, ತಲೆ ಸುತ್ತುತ್ತದೆ. ಅಗತ್ಯಕ್ಕಿಂತ ಹೆಚ್ಚು ಉಸಿರಾಡುವುದರಿಂದ ಹಾಗಾಗುತ್ತದೆ, ನಿಲ್ಲಿಸಿ ಕೂತರೆ ಸರಿಹೋಗುತ್ತದೆ. ಕಮ್ಮನಹಳ್ಳಿಯ ಒಂದಕ್ಕೊಂದು ಅಂಟಿದ ಮನೆಗಳಲ್ಲಿ ನೆರೆಯವರ ತಲೆಯೂ ಸುತ್ತೀತು.

ಈಗ ಬೆರಳಿನ ವಿಷಯ. ಇದನ್ನು ನಿಧಾನವಾಗಿ ಓದಿ. ಕರ್ನಾಟಕ ಸಂಗೀತದ ಕೊಳಲಿಗೆ ಊದುವ ತೂತಲ್ಲದೆ ಬೆರಳಿಗೆಂದು ಎಂಟು ತೂತುಗಳಿವೆ. ಕೊನೆಯದನ್ನು ಸಾಮಾನ್ಯವಾಗಿ ಮುಚ್ಚುವುದಿಲ್ಲ. ಮೇಲಿನ ಎರಡನ್ನು ಮುಚ್ಚಿದರೆ ಷಡ್ಜ, ಅದರಲ್ಲೊಂದನ್ನು ಬಿಟ್ಟರೆ ಚತುಶ್ರುತಿ ರಿಷಭ, ಎಲ್ಲವನ್ನೂ ತೆರೆದರೆ ಅಂತರ ಗಾಂಧಾರ. ಹೀಗೆ ತೂತನ್ನು ಪೂರ್ತಿ ಮುಚ್ಚಿ ಪೂರ್ತಿ ತೆರೆದು ನುಡಿಸಿದರೆ ಹರಿಕಾಂಬೋಜಿ ಮೇಳದ ಸ್ವರಗಳು ತಾವಾಗಿ ಬರುತ್ತವೆ. ಉಳಿದ ಸ್ವರಗಳಿಗೆ ತೂತನ್ನು ಅರ್ಧ ಮುಚ್ಚಬೇಕು. ಆ ಅರ್ಧ ಎಷ್ಟು ಎಂದು ಬಿದಿರಿನ ಮೇಲೆ ಗುರುತಿಲ್ಲ. ವೀಣೆಗೆ ಮೆಟ್ಟಿಲಿದೆ. ಇಲ್ಲಿ ಬೆರಳ ತುದಿಯ ಚರ್ಮವೇ ಅಳತೆ.

ಮೊದಲ ಪಾಠವಾದ ಸರಳೆ ವರಸೆಗೆ ಪುರಂದರದಾಸರು ಮಾಯಾಮಾಳವಗೌಳವನ್ನು ಆರಿಸಿದರು ಎಂಬುದು ಸಂಪ್ರದಾಯದ ಮಾತು. ಹಾಡುವವರಿಗೆ ಅನುಕೂಲವಾದ ಆ ರಾಗ ಕೊಳಲಿನ ವಿದ್ಯಾರ್ಥಿಗೆ ಮೊದಲ ದಿನವೇ ಪರೀಕ್ಷೆ. ಶುದ್ಧ ರಿಷಭ, ಶುದ್ಧ ಧೈವತ, ಕಾಕಲಿ ನಿಷಾದ ಮೂರೂ ಅರ್ಧ ತೂತಿನವು. ಆದ್ದರಿಂದ ಕೇಳುವ ಕ್ರಮವನ್ನೂ ಬೆರಳಿನ ಪ್ರಕಾರವೇ ಹಾಕಿಕೊಳ್ಳಿ ಎನ್ನುತ್ತೇನೆ. ಮೊದಲು ಮೋಹನ ಕೇಳಿ. ಅದರ ಐದು ಸ್ವರಗಳೂ ಪೂರ್ತಿ ತೂತಿನವು, ಕೊಳಲಿನಲ್ಲಿ ಅದು ಬಿಸಿಲು ಬಿದ್ದ ಹಾಗೆ ಬೆಳಗುತ್ತದೆ. ಆಮೇಲೆ ಕಾಂಬೋಜಿ. ಅದಾದ ಮೇಲೆ ತೋಡಿ. ತೋಡಿಯ ಗಾಂಧಾರ ಒಂದೆಡೆ ನಿಲ್ಲುವುದೇ ಇಲ್ಲ, ತೂಗಾಡುತ್ತಲೇ ಇರುತ್ತದೆ. ಗಮಕವೆನ್ನುವ ಆ ತೂಗಾಟವನ್ನು ಬೆರಳನ್ನು ಉರುಳಿಸಿ, ತುಟಿಯನ್ನು ಹೊಂದಿಸಿ ತರಬೇಕು. ಮೋಹನಕ್ಕೆ ತಲೆದೂಗುವವರು ಬೇಕಾದಷ್ಟು. ಕೊಳಲಿನ ತೋಡಿಗೆ ‘ಆಹಾ’ ಎಂದವನನ್ನು ನಾನು ರಸಿಕನೆಂದು ಒಪ್ಪುತ್ತೇನೆ.

ಕೊಳಲು ವಿದ್ವಾಂಸ ಟಿ.ಆರ್. ಮಹಾಲಿಂಗಂ (1926–1986) ದೊಡ್ಡವರಾದದ್ದು ಈ ತೂಗಾಟದಲ್ಲೇ. ‘ಮಾಲಿ’ ಎಂದೇ ಹೆಸರಾದ ಅವರು ಕೊಳಲಿನಲ್ಲಿ ಗಮಕವನ್ನು ಹಾಡುಗಾರಿಕೆಯ ಮಟ್ಟಕ್ಕೆ ತಂದರು. ಕಚೇರಿಗೆ ಬಂದರೆ ಬಂದರು, ಬಾರದಿದ್ದರೆ ಇಲ್ಲ ಎಂಬ ಅವರ ಸ್ವಭಾವದ ಕಥೆಗಳು ಬೇಕಾದಷ್ಟಿವೆ. ಆ ಕಥೆಗಳನ್ನು ಬಿಟ್ಟು ಧ್ವನಿಮುದ್ರಣಗಳನ್ನು ಹಿಡಿಯಿರಿ. ಆಮೇಲೆ ಅವರ ಶಿಷ್ಯ ಎನ್. ರಮಣಿ, ಅಲ್ಲಿಂದ ನಮ್ಮ ಹಾಸನ ಜಿಲ್ಲೆಯ ರುದ್ರಪಟ್ಟಣದಲ್ಲಿ 1978ರಲ್ಲಿ ಹುಟ್ಟಿದ ಶಶಾಂಕ್. ಒಂದೇ ರಾಗವನ್ನು ಮೂವರಲ್ಲೂ ಕೇಳಿದರೆ ಬೆರಳಿನ ಮೂರು ಬಗೆಯ ಚಿಂತನೆ ಕಾಣುತ್ತದೆ.

ಇನ್ನು ಉಸಿರು. ಕೀರ್ತನೆ ನುಡಿಸುವಾಗ ಕಲಾವಿದರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂದು ಗಮನಿಸಿ. ಸಾಹಿತ್ಯ ಬಲ್ಲವರು ಪದ ಮುಗಿದಲ್ಲಿ ತೆಗೆದುಕೊಳ್ಳುತ್ತಾರೆ. ಬರೀ ಸ್ವರ ಬಾಯಿಪಾಠ ಮಾಡಿದವರು ಪದದ ನಡುವೆ ಕತ್ತರಿಸುತ್ತಾರೆ. ಕನ್ನಡಿಗರಿಗೆ ಇದನ್ನು ಹಿಡಿಯುವುದು ಸುಲಭ. ದೇವರನಾಮ ಬಂದಾಗ ಮನಸ್ಸಿನಲ್ಲೇ ಮಾತುಗಳನ್ನು ಹೇಳಿಕೊಳ್ಳುತ್ತ ಹೋಗಿ, ಕೊಳಲು ಅಕ್ಷರಗಳನ್ನು ನುಡಿಯುತ್ತದೆಯೋ ಇಲ್ಲವೋ ತಾನಾಗಿ ತಿಳಿಯುತ್ತದೆ. ಒತ್ತಕ್ಷರ ಬಂದಲ್ಲಿ ನಾಲಗೆಯ ಸಣ್ಣ ತಟ್ಟು ಕೇಳಿಸುತ್ತದೆ. ಎಳೆದ ಸ್ವರದ ಕೊನೆಗೂ ಕಿವಿ ಕೊಡಿ. ಗಾಳಿ ತಗ್ಗಿದಂತೆ ಶ್ರುತಿ ಕೆಳಗೆ ಜಾರುವುದು ಕೊಳಲಿನ ಗುಣ. ಸದ್ದು ಸಣ್ಣದಾಗುತ್ತ ಶ್ರುತಿ ಮಾತ್ರ ಕದಲದೆ ನಿಂತರೆ, ತುಟಿಯ ಹಿಂದೆ ವರ್ಷಗಳ ಸಾಧನೆ ಇದೆ.

ಕಚೇರಿಯ ನಡುವೆ ಕೊಳಲು ಬದಲಾದರೆ ಅಥವಾ ತಂಬೂರಿಯನ್ನು ಮತ್ತೆ ತಿದ್ದಿದರೆ ಗೊಣಗಬೇಡಿ. ಕೊಳಲಿಗೆ ತಿರುಗಿಸುವ ಬಿರಡೆ ಇಲ್ಲ, ಒಂದು ಶ್ರುತಿಗೆ ಒಂದು ಕೊಳಲು. ಮೇಲಾಗಿ ಗಾಳಿ ಹತ್ತು ಡಿಗ್ರಿ ಬೆಚ್ಚಗಾದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 6 ಮೀಟರ್ ಹೆಚ್ಚುತ್ತದೆ. ಅಷ್ಟರಿಂದಲೇ ಶ್ರುತಿ ಒಂದು ಸ್ವರಸ್ಥಾನದ ಮೂರನೆಯ ಒಂದು ಭಾಗದಷ್ಟು ಏರಬಲ್ಲದು. ಡಿಸೆಂಬರಿನ ಬೆಂಗಳೂರಿನಲ್ಲಿ, ಅದರಲ್ಲೂ ಎ.ಸಿ. ಸಭಾಂಗಣದಲ್ಲಿ, ಕಲಾವಿದರು ಮೊದಲು ಸುಮ್ಮನೆ ಊದಿ ಬಿದಿರನ್ನು ಬೆಚ್ಚಗೆ ಮಾಡಿಕೊಳ್ಳುವುದು ಇದಕ್ಕೇ.

ಹಿಂದೂಸ್ತಾನಿ ಬಾನ್ಸುರಿಗೆ ಕೇಳುವ ಲೆಕ್ಕ ಸ್ವಲ್ಪ ಬೇರೆ. ಅದಕ್ಕೆ ಬೆರಳಿನ ತೂತು ಸಾಮಾನ್ಯವಾಗಿ ಆರು, ಮೇಲಿನ ಮೂರು ಮುಚ್ಚಿದರೆ ಷಡ್ಜ, ಎಲ್ಲ ತೆರೆದರೆ ತೀವ್ರ ಮಧ್ಯಮ. ಹಾಗಾಗಿ ಅಲ್ಲಿ ಯಮನ್ ಸುಲಭವಾಗಿ ಅರಳುತ್ತದೆ, ಭೈರವ್ ಬೆವರಿಳಿಸುತ್ತದೆ. ಪನ್ನಾಲಾಲ್ ಘೋಷ್ (1911–1960) ಉದ್ದನೆಯ ಬಾನ್ಸುರಿಯನ್ನು ಕಚೇರಿಗೆ ತಂದ ಮೇಲೆ ಮಂದ್ರದ ಆಲಾಪಕ್ಕೆ ಜಾಗ ಸಿಕ್ಕಿತು. ಧಾರವಾಡದ ಕಡೆಯ ಪ್ರವೀಣ್ ಗೋಡ್ಖಿಂಡಿಯವರ ಮೂಲಕ ಆ ನಾದ ಬೆಂಗಳೂರಿಗೂ ಪರಿಚಿತ.

ಸರ್ವಜ್ಞನಗರದವರಿಗೆ ಹತ್ತಿರದ ಸಭೆಯೆಂದರೆ ಇಂದಿರಾನಗರ ಸಂಗೀತ ಸಭಾ, ಪುರಂದರ ಭವನ. ರಾಮನವಮಿ ಹೊತ್ತಿಗಾದರೆ ಚಾಮರಾಜಪೇಟೆಯ ರಾಮಸೇವಾ ಮಂಡಳಿಯ ಚಪ್ಪರಕ್ಕೂ ಒಂದು ಸಂಜೆ ಹೋಗಿ. ಎಲ್ಲಿಗೆ ಹೋದರೂ ಬೆರಳು ಕಾಣುವಷ್ಟು ಮುಂದೆ ಕೂರಿ. ಮೃದಂಗದ ತನಿ ಆವರ್ತನ ಶುರುವಾದೊಡನೆ ಕಾಫಿಗೆ ಎದ್ದು ಹೋಗಬೇಡಿ. ಮೃದಂಗದವರ ಮೇಲಿನ ಗೌರವದ ಮಾತು ಹಾಗಿರಲಿ, ಕೊಳಲಿನವರು ತುಟಿಗೆ ಬಿಡುವು ಕೊಟ್ಟು ಮತ್ತೆ ಪಲ್ಲವಿ ಎತ್ತಿಕೊಳ್ಳುವ ಆ ಮೊದಲ ಸ್ವರ ನಿಮಗೆ ತಪ್ಪಿಹೋಗುತ್ತದೆ.