ಸ್ಥೈರ್ಯವೆಂದರೆ ಕದಲದಿರುವುದೇ?

ದಶಲಕ್ಷಣ ಪರ್ವದ ಉಪನ್ಯಾಸಗಳಲ್ಲಿ ‘ಸ್ಥೈರ್ಯ’ ಶಬ್ದಕ್ಕೆ ಒಂದೇ ಬಗೆಯ ವಿವರಣೆಯನ್ನು ಬಹುಕಾಲದಿಂದ ಕೇಳುತ್ತಿದ್ದೇನೆ. ‘ಷ್ಠಾ’ ಧಾತುವಿಗೆ ಗತಿನಿವೃತ್ತಿ, ಅಂದರೆ ಚಲನೆ ನಿಲ್ಲುವುದು, ಎಂದು ಧಾತುಪಾಠವು ಅರ್ಥ ಹೇಳುತ್ತದೆ. ಅದರಿಂದ ‘ಸ್ಥಿರ’, ಸ್ಥಿರದ ಭಾವವೇ ‘ಸ್ಥೈರ್ಯ’. ಆದುದರಿಂದ ಕದಲದಿರುವುದೇ ಸ್ಥೈರ್ಯವೆಂಬುದು ವಾದ. ವ್ಯುತ್ಪತ್ತಿ ಸರಿಯಾಗಿದೆ, ಅದರಿಂದ ತೆಗೆದ ನಿರ್ಣಯ ಸರಿಯಲ್ಲ. (ಕರಪತ್ರಗಳಲ್ಲಿ ‘ಮನೋಸ್ಥೈರ್ಯ’ ಎಂದು ಅಚ್ಚಾಗುವುದೂ ತಪ್ಪೇ, ‘ಮನಃಸ್ಥೈರ್ಯ’ ಎಂದಾಗಬೇಕು.)

ಇದೇ ಧಾತುವಿನಿಂದ ‘ಸ್ಥಾವರ’ ಶಬ್ದವೂ ಬಂದಿದೆ. ನಿಂತಿರುವ ಸ್ವಭಾವದವೇ ಸ್ಥಾವರ ಜೀವಗಳೆನ್ನಬಹುದಲ್ಲವೇ ಎಂಬ ಪ್ರಶ್ನೆಯನ್ನು ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ತಾವೇ ಎತ್ತಿ, ಅಲ್ಲವೆಂದು ಉತ್ತರಿಸಿದ್ದಾರೆ. ದಿಗಂಬರ ಪರಂಪರೆಯ ತತ್ತ್ವಾರ್ಥಸೂತ್ರದ ಪಾಠದಲ್ಲಿ ವಾಯುಕಾಯಿಕ ಜೀವವೂ ಸ್ಥಾವರವೇ. ಗಾಳಿಯಾದರೋ ಬೀಸುತ್ತಲೇ ಇರುತ್ತದೆ! ಸ್ಥಾವರತ್ವವು ನಾಮಕರ್ಮದ ಉದಯದಿಂದ ನಿಶ್ಚಯವಾಗುತ್ತದೆಯೇ ಹೊರತು ಚಲನೆಯ ಅಭಾವದಿಂದಲ್ಲ. ‘ಜೈನೇಂದ್ರ ವ್ಯಾಕರಣ’ವನ್ನು ರಚಿಸಿದವರೇ ಇಲ್ಲಿ ಧಾತ್ವರ್ಥವನ್ನು ಬದಿಗಿರಿಸಿ ಆಗಮವನ್ನು ಹಿಡಿದರೆಂಬುದು ಗಮನಾರ್ಹ.

ಪೇಟೆಯಲ್ಲಿಯೂ ಅಷ್ಟೇ. ಧಾರಣೆ ಸ್ಥಿರವಾಗಿದೆಯೆಂದರೆ ಮಂಡಿಯಲ್ಲಿ ಚೀಲವೇ ಅಲುಗಾಡಿಲ್ಲವೆಂದಲ್ಲ; ಆವಕವೂ ಬೇಡಿಕೆಯೂ ಸರಿತೂಗಿವೆಯೆಂದು.

ಶ್ರಾವಕರಿಗೆ ಹೆಚ್ಚು ಮುಖ್ಯವಾದುದು ಇದೇ ಧಾತುವಿನ ಇನ್ನೊಂದು ಶಬ್ದ, ‘ಸ್ಥಿತಿಕರಣ’. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಅದೂ ಒಂದು. ದರ್ಶನದಿಂದಲೋ ಚಾರಿತ್ರದಿಂದಲೋ ಜಾರುತ್ತಿರುವವರನ್ನು ಮರಳಿ ನೆಲೆಗೊಳಿಸುವುದೇ ಅದೆಂದು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ವಿವರಿಸಿ, ವಾರಿಷೇಣನನ್ನು ನಿದರ್ಶನವಾಗಿ ಹೆಸರಿಸುತ್ತಾರೆ. ಕಥೆ ನಮ್ಮ ಮನೆಗಳಲ್ಲಿ ಪರಿಚಿತವೇ. ಶ್ರೇಣಿಕನ ಮಗ ವಾರಿಷೇಣ ಮುನಿಯಾದ. ಗೆಳೆಯ ಪುಷ್ಪಡಾಲನೂ ದೀಕ್ಷೆ ಪಡೆದ, ಆದರೆ ಅವನ ಮನಸ್ಸು ಬಿಟ್ಟುಬಂದ ಪತ್ನಿಯನ್ನು ಬಿಡಲಿಲ್ಲ. ಅವನನ್ನು ನಿಲ್ಲಿಸಲು ವಾರಿಷೇಣ ಮುನಿಯು ತಾನು ತ್ಯಜಿಸಿದ್ದ ಅರಮನೆಗೇ ಅವನನ್ನು ಕರೆದೊಯ್ದು, ತಾನು ತೊರೆದ ವೈಭವವನ್ನು ತೋರಿಸಿದ. ಪುಷ್ಪಡಾಲ ನಾಚಿ ಸ್ಥಿರನಾದ. ಕದಲದಿರುವುದೇ ಸ್ಥೈರ್ಯವಾಗಿದ್ದರೆ ಅರಮನೆಯತ್ತ ನಡೆದ ಆ ಮುನಿಯನ್ನು ಜಾರಿದವನೆನ್ನಬೇಕಾಗಿತ್ತು!

ಇದನ್ನು ನಾನು ತಡವಾಗಿ ಓದಿಕೊಂಡೆ. ಹಲವು ವರ್ಷಗಳ ಹಿಂದೆ, ವ್ಯಾಪಾರದಲ್ಲಿ ಸೋತ ಸಾಧರ್ಮಿಯೊಬ್ಬರು ಬಸದಿಗೆ ಒಪ್ಪಿಕೊಂಡಿದ್ದ ದೇಣಿಗೆಯನ್ನು ತೀರಿಸಲಾರದೆ ಅವಧಿ ಕೇಳಿದರು. ನಿಯಮವನ್ನು ಸಡಿಲಿಸಬಾರದೆಂದು ವಾದಿಸಿದವರಲ್ಲಿ ನಾನೂ ಒಬ್ಬ. ನಮ್ಮ ನಿಲುವನ್ನು ಸ್ಥೈರ್ಯವೆಂದೇ ಸಭೆಯಲ್ಲಿ ಕೊಂಡಾಡಲಾಯಿತು. ಆ ಮನೆಯವರು ಬಸದಿಗೆ ಬರುವುದನ್ನು ನಿಲ್ಲಿಸಿದರು. ಅವರ ಮನೆ ನನ್ನ ಅಂಗಡಿಯಿಂದ ಎರಡು ಬೀದಿಯಾಚೆ ಇತ್ತು. ನಾನು ಹೋಗಲಿಲ್ಲ.