ಹುಟ್ಟದೇ ಹೋದವಳು

ಅಥಣಿ ರಸ್ತೆಯ ನಮ್ಮ ಓಣಿಯ ಹುಡುಗರಿಗೂ ಫ್ರಾಂಕನ್‌ಸ್ಟೈನ್ ಎಂದರೆ ಸಿನಿಮಾದ ರಾಕ್ಷಸ. ಕಾದಂಬರಿಯಲ್ಲಿ ಅದು ರಾಕ್ಷಸನ ಹೆಸರಲ್ಲ, ಅವನನ್ನು ಮಾಡಿದ ವಿಕ್ಟರನ ಮನೆತನದ ಹೆಸರು. ಹೆಣದ ಭಾಗಗಳನ್ನು ಕೂಡಿಸಿ ಜೀವ ತುಂಬಿದ ಆ ಪುಣ್ಯಾತ್ಮ, ಅದು ಕಣ್ಣು ತೆರೆದದ್ದೇ ತಡ, ಹೇಸಿ ಓಡಿಬಿಡುತ್ತಾನೆ. ಒಂದು ಹೆಸರನ್ನೂ ಇಡುವುದಿಲ್ಲ.

ಬರೆಯಲು ಕೂತಾಗ ಮೇರಿ ಶೆಲ್ಲಿಗೆ ಹದಿನೆಂಟು ವರ್ಷ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯ ಮನೆಯಲ್ಲಿ ಮಳೆಗೆ ಸಿಕ್ಕಿಬಿದ್ದ ಗೆಳೆಯರಿಗೆ ಕವಿ ಬೈರನ್, ಒಬ್ಬೊಬ್ಬರೂ ಒಂದು ದೆವ್ವದ ಕತೆ ಬರೆಯೋಣ ಎಂದ. ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಬೇರೆ. ಮೇರಿಯನ್ನು ಹೆತ್ತ ತಾಯಿ ಬಾಣಂತಿ ಜ್ವರದಿಂದ ಎರಡು ವಾರದೊಳಗೇ ತೀರಿಕೊಂಡಿದ್ದಳು. ಮೇರಿಯ ಚೊಚ್ಚಲ ಮಗಳು ದಿನ ತುಂಬದೆ ಹುಟ್ಟಿ 1815ರಲ್ಲೇ ಹೋದಳು. ಬಾಣಂತನ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1818ರಲ್ಲಿ ಪುಸ್ತಕ ಹೊರಬಂದಾಗ ಅದರ ಮೇಲೆ ಅವಳ ಹೆಸರಿರಲಿಲ್ಲ. ಗಂಡನೇ ಬರೆದಿರಬೇಕು ಎಂದುಕೊಂಡವರುಂಟು.

ವಿಮರ್ಶಕರು ವಿಜ್ಞಾನಿಯ ಅಹಂಕಾರದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ನಾನು ನಿಲ್ಲುವುದು ಇನ್ನೊಂದು ಕಡೆ. ಒಂಟಿತನ ತಾಳಲಾರದ ಆ ಜೀವಿ ತನಗೊಬ್ಬ ಜೊತೆಗಾತಿ ಬೇಕು, ಇಬ್ಬರೂ ದೂರ ಹೋಗಿಬಿಡುತ್ತೇವೆ ಎಂದು ಬೇಡುತ್ತದೆ. ವಿಕ್ಟರ್ ಒಪ್ಪಿ, ಅರ್ಧ ಮಾಡಿ, ಯೋಚನೆಗೆ ಬೀಳುತ್ತಾನೆ. ತಾನು ಹುಟ್ಟುವ ಮೊದಲೇ ಇಬ್ಬರು ಮಾಡಿಕೊಂಡ ಕರಾರನ್ನು ಅವಳು ಒಪ್ಪದಿದ್ದರೆ? ಅವನನ್ನು ಬಿಟ್ಟು ಬೇರೆಯವನನ್ನು ಬಯಸಿದರೆ? ಮಕ್ಕಳಾದರೆ? ಅವಳಿನ್ನೂ ಉಸಿರೇ ಆಡಿಲ್ಲ, ತಪ್ಪು ಮಾಡುವುದಂತೂ ದೂರ. ಆದರೂ ಅವಳನ್ನು ಹರಿದು ಚೂರು ಮಾಡುತ್ತಾನೆ. ಇಡೀ ಕಾದಂಬರಿಯಲ್ಲಿ ಇದಕ್ಕಿಂತ ಭಯಾನಕವಾದ ಪುಟ ಇನ್ನೊಂದಿಲ್ಲ.

(ಆದರೆ ವಿಕ್ಟರನ ಮದುವೆಯ ರಾತ್ರಿಯೇ ಕೊಲೆಯಾಗುವ ಎಲಿಜಬೆತ್‌ಗೆ ಮೇರಿ ಇನ್ನಷ್ಟು ಮಾತು ಕೊಡಬೇಕಿತ್ತು. ಕಾಯುವುದು, ಕಾಗದ ಬರೆಯುವುದು, ಅಳುವುದು, ಇಷ್ಟೇ ಅವಳ ಪಾಲು.)

ಆ ಪುಟ ಓದಿದಾಗಲೆಲ್ಲ ನನಗೆ ನಮ್ಮೂರಿನ ಸಾಠ್ ಕಬರ್ ಕಣ್ಣಿಗೆ ಕಟ್ಟುತ್ತದೆ. 1659ರಲ್ಲಿ ಶಿವಾಜಿಯ ಮೇಲೆ ಹೊರಟ ಅಫ್ಜಲ್ ಖಾನನಿಗೆ, ನೀನು ತಿರುಗಿ ಬರುವುದಿಲ್ಲ ಎಂದು ಜ್ಯೋತಿಷಿಗಳು ಹೇಳಿದರಂತೆ. ತಾನು ಸತ್ತ ಮೇಲೆ ಹೆಂಡಂದಿರು ಬೇರೆಯವರ ಪಾಲಾದಾರೆಂದು ಅಷ್ಟೂ ಮಂದಿಯನ್ನು ಬಾವಿಗೆ ನೂಕಿಸಿದನಂತೆ. ಖಾನ ಪ್ರತಾಪಗಡದಲ್ಲಿ ಸತ್ತದ್ದು ಇತಿಹಾಸ. ಬಾವಿಯ ಕತೆ ಊರ ಬಾಯಿಯದು. ಅದು ಎಷ್ಟು ನಿಜವೋ, ಕರಿಕಲ್ಲಿನ ಗೋರಿಗಳು ಮಾತ್ರ ಸಾಲಾಗಿ ಇವೆ. ಇಲ್ಲೂ ಅದೇ 'ಆದರೆ?' ಎಂಬ ಪ್ರಶ್ನೆ. ಅದನ್ನು ಕೇಳಿಕೊಂಡವನೂ ಗಂಡಸೇ.

ನೋಡಲು ಹೋದವರೆಲ್ಲ ಗೋರಿ ಎಣಿಸುತ್ತಾರೆ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕೂಡುವುದಿಲ್ಲ.